ಹಳೇ ಮದ್ರಾಸು ರಸ್ತೆಯ ನಕ್ಷತ್ರಗಳು

2020ರ ಜನವರಿ. ರಾತ್ರಿ ಎಂಟರ ಹೊತ್ತಿಗೆ ಕಾಡುಗೋಡಿಯ ನಮ್ಮ ಮನೆಯ ತಾರಸಿಗೆ ಒಣಗಿದ ಬಟ್ಟೆ ತರಲು ಹೋದವನು ಅಭ್ಯಾಸಬಲದಿಂದ ಪೂರ್ವಕ್ಕೆ ಕತ್ತೆತ್ತಿದೆ. ಮಹಾವ್ಯಾಧ ಎದ್ದು ನಿಂತಿದ್ದ. ನಡುಪಟ್ಟಿಯ ಮೂರು ನಕ್ಷತ್ರ, ಬಲಕ್ಕೆ ನೀಲಿಬಿಳಿ ರೈಜೆಲ್, ಎಡಕ್ಕೆ ಕೆಂಪನೆಯ ಆರ್ದ್ರಾ. ನೋಡುತ್ತ ನಿಂತವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಪ್ರತಿ ಚಳಿಗಾಲದಲ್ಲೂ ರೋಹಿಣಿಗಿಂತ ಒಂದು ಕೈ ಹೆಚ್ಚೇ ಬೆಳಗುವ ಆರ್ದ್ರಾ ಅಂದು ರೋಹಿಣಿಯ ಮುಂದೆ ಸೋತಿತ್ತು.

ದಿಗಂತಕ್ಕೆ ಹತ್ತಿರ ಇರುವ ನಕ್ಷತ್ರ ಹೊಗೆ, ಧೂಳಿನಲ್ಲಿ ಮಂಕಾಗುವುದುಂಟು. ವೈಟ್‌ಫೀಲ್ಡಿನ ಗಾಳಿಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಹಾಗಾಗಿ ಊಟ ಮುಗಿಸಿ ಹತ್ತು ಗಂಟೆಗೆ ಮತ್ತೆ ಹತ್ತಿದೆ. ಈಗ ಎರಡೂ ಎತ್ತರದಲ್ಲಿದ್ದವು. ರೋಹಿಣಿಯೇ ಮುಂದಿತ್ತು. ವ್ಯಾಧನ ಇನ್ನೊಂದು ಭುಜದಲ್ಲಿರುವ ಬೆಲಾಟ್ರಿಕ್ಸ್‌ಗೂ ಆರ್ದ್ರಾಕ್ಕೂ ಎಂದೂ ಹೋಲಿಕೆಯೇ ಇರಲಿಲ್ಲ. ಆ ರಾತ್ರಿ ಎರಡೂ ಹೆಚ್ಚುಕಡಿಮೆ ಜೊತೆಗಾರರಂತೆ ಕಂಡವು. ಫೆಬ್ರುವರಿ ಎರಡನೇ ವಾರಕ್ಕೆ ಆರ್ದ್ರಾ ಇನ್ನೂ ಇಳಿಯಿತು. ತನ್ನ ಎಂದಿನ ಬೆಳಕಿನ ಮೂರರಲ್ಲಿ ಒಂದು ಪಾಲಿನಷ್ಟೇ ಅದರಲ್ಲಿ ಉಳಿದಿತ್ತು. ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ಒಂದು ದೊಡ್ಡ ನಕ್ಷತ್ರ ಕಾಂತಿಗುಂದಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈ ಆರ್ದ್ರಾ ನಮಗೆ ಹೊರಗಿನದಲ್ಲ. ಆರಿದ್ರಾ ಮಳೆ ಎಂದು ವರ್ತೂರು, ಕಾಡುಗೋಡಿ, ಹೊಸಕೋಟೆಯ ಹಿರಿಯ ರೈತರು ಇಂದಿಗೂ ಲೆಕ್ಕ ಹಾಕುವುದು ಇದರ ಹೆಸರಿನಲ್ಲೇ. ಜೂನ್ ಕೊನೆಯ ವಾರದಲ್ಲಿ ಸೂರ್ಯ ಆ ನಕ್ಷತ್ರದ ಭಾಗಕ್ಕೆ ಬರುತ್ತಾನೆ, ಆಗ ನಕ್ಷತ್ರ ಹಗಲಿನಲ್ಲಿ ಮುಚ್ಚಿಹೋಗಿರುತ್ತದೆ. ಹೆಸರು ಮಳೆಗಾಲದ್ದು, ದರ್ಶನ ಚಳಿಗಾಲದ್ದು.

ನಕ್ಷತ್ರ ಮಿನುಗುತ್ತದೆ ಎಂದು ಮಗು ಕೂಡ ಹೇಳುತ್ತದೆ. ಆ ಮಿನುಗು ನಮ್ಮ ಗಾಳಿಯ ಕೆಲಸ. ಬಿಸಿ ತಂಪು ಪದರಗಳು ಕಲಕಿದಾಗ ಬೆಳಕು ಓಲಾಡುತ್ತದೆ, ಅಷ್ಟೆ. ನಾನು ಹೇಳುತ್ತಿರುವ ಏರಿಳಿತ ಬೇರೆ. ಗಂಟೆ, ದಿನ, ತಿಂಗಳುಗಳ ಅಳತೆಯಲ್ಲಿ ನಕ್ಷತ್ರದ ಬೆಳಕೇ ಹೆಚ್ಚು ಕಡಿಮೆಯಾಗುವುದು. ಇಂಥವನ್ನು ಚಂಚಲ ತಾರೆಗಳು ಎಂದು ಬರೆಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವುಗಳಲ್ಲಿ ಹಲವು ತಮ್ಮ ವೇಳೆಯನ್ನು ನಮ್ಮ ಯಾವ ಬಸ್ಸು, ರೈಲಿಗಿಂತಲೂ ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಚರಕಾಂತಿ ನಕ್ಷತ್ರ ಎನ್ನುವುದೇ ಮೇಲು. ಕಾಂತಿ ಚಲಿಸುತ್ತದೆ ಎಂದಷ್ಟೇ ಅದರ ಅರ್ಥ.

ಮನೆಯ ಬಲ್ಬು ಮಂಕಾದರೆ ನಾವು ಏನು ಮಾಡುತ್ತೇವೆ? ಮೊದಲು ವೋಲ್ಟೇಜು ಬಿದ್ದಿದೆಯಾ ಎಂದು ಕೇಳುತ್ತೇವೆ. ಆಮೇಲೆ ಎದುರಿಗೆ ಯಾರಾದರೂ ನಿಂತಿದ್ದಾರಾ, ಗಾಜಿನ ಮೇಲೆ ಧೂಳು ಕೂತಿದೆಯಾ ಎಂದು ನೋಡುತ್ತೇವೆ. ನಕ್ಷತ್ರಗಳ ವಿಷಯದಲ್ಲಿ ಮನುಷ್ಯ ಇನ್ನೂರೈವತ್ತು ವರ್ಷಗಳಿಂದ ಕೇಳುತ್ತ ಬಂದಿರುವುದೂ ಇವೇ ಪ್ರಶ್ನೆಗಳನ್ನು. ಬಲ್ಬಿನ ಹತ್ತಿರ ಹೋಗಿ ಮುಟ್ಟಿ ನೋಡುವ ಅವಕಾಶ ಮಾತ್ರ ಇಲ್ಲಿಲ್ಲ. ಇರುವ ಒಂದೇ ದಾಖಲೆ ಬೆಳಕಿನ ಏರಿಳಿತ.

ಎದುರಿಗೆ ಬಂದು ನಿಲ್ಲುವ ಬಗೆಗೆ ಒಳ್ಳೆಯ ಉದಾಹರಣೆ ಪಾರ್ಥ ಪುಂಜದ ಆಲ್ಗಾಲ್. ಚಳಿಗಾಲದ ಸಂಜೆ ಉತ್ತರಕ್ಕೆ ಮುಖ ಮಾಡಿದರೆ ಸಾಕಷ್ಟು ಎತ್ತರದಲ್ಲೇ ಸಿಗುತ್ತದೆ. ಎರಡು ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದರ ಬೆಳಕು ಇಳಿಯುತ್ತದೆ. ಸುಮಾರು ಹತ್ತು ಗಂಟೆಯಲ್ಲಿ ಇಳಿದು ಮತ್ತೆ ಏರಿ ಮುಗಿಯುತ್ತದೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಜಾನ್ ಗುಡ್ರಿಕ್ 1783ರಲ್ಲಿ ಈ ಲಯವನ್ನು ಪ್ರಕಟಿಸಿದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕಿವಿ ಕೇಳದ ಆ ಹುಡುಗ, ದೊಡ್ಡ ಕಪ್ಪು ಕಾಯವೊಂದು ಅದರ ಸುತ್ತ ತಿರುಗುತ್ತ ಅಡ್ಡ ಬರುತ್ತಿರಬಹುದು ಎಂದು ಊಹಿಸಿದ. ಇಪ್ಪತ್ತೊಂದಕ್ಕೇ ತೀರಿಕೊಂಡ. ಅವನ ಊಹೆ ಸರಿಯೆಂದು ಖಚಿತವಾಗಲು ನೂರು ವರ್ಷ ಬೇಕಾಯಿತು. ಪ್ರಖರವಾದ ಒಂದು ಬಿಳಿನೀಲಿ ನಕ್ಷತ್ರ, ಅದಕ್ಕಿಂತ ದೊಡ್ಡದಾದರೂ ಮಂಕಾದ ಕಿತ್ತಳೆ ನಕ್ಷತ್ರ, ಎರಡೂ ಒಂದನ್ನೊಂದು ಸುತ್ತುತ್ತಿವೆ. ಮಂಕಾದದ್ದು ನಮಗೂ ಪ್ರಖರವಾದದ್ದಕ್ಕೂ ನಡುವೆ ಹಾಯ್ದಾಗ ಗ್ರಹಣ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಅನುಭವ ಉಂಟು. ಹಳ್ಳಿಯ ಕತ್ತಲಲ್ಲಿ ಆಲ್ಗಾಲ್ ಮಂಕಾಗುತ್ತದೆ, ಅಷ್ಟೆ. ಐಟಿಪಿಎಲ್ ಟೆಕ್ ಪಾರ್ಕಿನ ದೀಪಗಳ ಸುತ್ತಮುತ್ತ ಆಕಾಶ ಎಷ್ಟು ಬಿಳುಪಾಗಿದೆಯೆಂದರೆ, ಗ್ರಹಣದ ತಳ ಮುಟ್ಟಿದಾಗ ಅದು ಕಣ್ಣಿಗೆ ಸಿಗುವುದೇ ಇಲ್ಲ. ಮತ್ತೆರಡು ಗಂಟೆ ಬಿಟ್ಟು ಹೋದರೆ ಇದ್ದಲ್ಲೇ ಇರುತ್ತದೆ. ಒಮ್ಮೆ ಪಕ್ಕದ ಮನೆಯ ಹುಡುಗನಿಗೆ ಹೀಗೆ ತೋರಿಸಿದ್ದೆ. ಆತ ಮಾರನೇ ವಾರವೂ ಬಂದು, "ಅಂಕಲ್, ಮತ್ತೆ ಯಾವಾಗ ಮಾಯ ಆಗುತ್ತೆ?" ಎಂದು ಕೇಳಿದ. ಲೆಕ್ಕ ಹಾಕಿ ಹೇಳಿದೆ. ಹೇಳಿದ ಹೊತ್ತಿಗೆ ಹೋಯಿತು, ಹೇಳಿದ ಹೊತ್ತಿಗೆ ಬಂತು.

ಎರಡನೆಯ ಬಗೆ ನನಗೆ ಹೆಚ್ಚು ಇಷ್ಟ. ಅಡ್ಡ ಏನೂ ಬರುವುದಿಲ್ಲ, ನಕ್ಷತ್ರವೇ ಉಸಿರಾಡುತ್ತದೆ. ಯುಧಿಷ್ಠಿರ ಪುಂಜದ ಡೆಲ್ಟಾ ಸೆಫೈ ಇಂಥದ್ದು. ಐದು ದಿನ ಒಂಬತ್ತು ಗಂಟೆಗೆ ಒಂದು ಸುತ್ತು. ಒಂದೂವರೆ ದಿನದಲ್ಲಿ ಸರ್ರನೆ ಏರುತ್ತದೆ, ಉಳಿದ ನಾಲ್ಕು ದಿನ ಮೆಲ್ಲಗೆ ಇಳಿಯುತ್ತದೆ. ಅದನ್ನು 1784ರಲ್ಲಿ ಗುರುತಿಸಿದವನೂ ಗುಡ್ರಿಕ್ಕೇ. ಅದೇ ವರ್ಷ ಅವನ ನೆರೆಯವ ಎಡ್ವರ್ಡ್ ಪಿಗಟ್ ಗರುಡ ಪುಂಜದಲ್ಲಿ, ನಮ್ಮ ಶ್ರವಣ ನಕ್ಷತ್ರದ ಹತ್ತಿರವೇ, ಏಳು ದಿನಕ್ಕೊಮ್ಮೆ ಏರಿಳಿಯುವ ಇನ್ನೊಂದನ್ನು ಕಂಡ. ಈ ಬಳಗಕ್ಕೆಲ್ಲ ಸೆಫೀಡ್ ಎಂದು ಹೆಸರು.

ನಕ್ಷತ್ರ ಯಾಕೆ ಉಸಿರಾಡಬೇಕು? ಈ ಪ್ರಶ್ನೆಗೆ ಉತ್ತರ ನನಗೆ ಪುಸ್ತಕ ಓದಿ ಅರ್ಥವಾದದ್ದಕ್ಕಿಂತ ಪೀಣ್ಯದಲ್ಲಿ ಚೆನ್ನಾಗಿ ಅರ್ಥವಾಯಿತು. ನಮ್ಮ ಭಾವ ಪೀಣ್ಯ ಎರಡನೇ ಹಂತದಲ್ಲಿ ಬಾಯ್ಲರ್ ರಿಪೇರಿ ಮಾಡುವವರು. ಬಟ್ಟೆ ತೊಳೆದು ಇಸ್ತ್ರಿ ಮಾಡುವ ಗಾರ್ಮೆಂಟ್ಸ್ ಕಾರ್ಖಾನೆಗಳ ಸ್ಟೀಮು ಅವರ ಕೈಯಲ್ಲಿ. ಅವರಿಗೆ ಡೆಲ್ಟಾ ಸೆಫೈ ಕತೆ ಹೇಳಿದಾಗ ತಡಮಾಡದೆ ಹೇಳಿದರು: "ಒಳಗೆಲ್ಲೋ ವಾಲ್ವ್ ಇರಬೇಕು ಕಣಯ್ಯ. ವಾಲ್ವ್ ಇಲ್ದೆ ಹಂಗೆ ಏರಿಳಿಯಕ್ಕಾಗಲ್ಲ. ಒಂದೆರಡು ಸಲ ಅಲ್ಲಾಡಿ ಸುಮ್ಮನಾಗ್ಬಿಡುತ್ತೆ."

ಕೇಂಬ್ರಿಜ್‌ನ ಆರ್ಥರ್ ಎಡಿಂಗ್ಟನ್ ನೂರು ವರ್ಷದ ಹಿಂದೆ ಬಂದು ಮುಟ್ಟಿದ್ದೂ ಇದೇ ಮಾತಿಗೆ. ನಕ್ಷತ್ರ ಎಂದರೆ ಅನಿಲದ ಉಂಡೆ. ಹೊರಗಿನ ಪದರಗಳ ಭಾರ ಒಳಕ್ಕೆ ಒತ್ತುತ್ತದೆ, ಒಳಗಿನ ಶಾಖ ಹೊರಕ್ಕೆ ನೂಕುತ್ತದೆ. ಎರಡೂ ಸರಿದೂಗಿದಾಗ ಸ್ಥಿರ. ಯಾವುದೋ ಕಾರಣಕ್ಕೆ ಸ್ವಲ್ಪ ಕುಗ್ಗಿತು ಎಂದುಕೊಳ್ಳಿ. ಕುಗ್ಗಿದ ಅನಿಲ ಕಾಯುತ್ತದೆ. ಮಾಮೂಲಿ ಅನಿಲ ಕಾದಷ್ಟೂ ಬೆಳಕಿಗೆ ತೆಳುವಾಗುತ್ತದೆ, ಶಾಖ ಸೋರಿಹೋಗುತ್ತದೆ, ಅಲುಗಾಟ ಅಲ್ಲಿಗೆ ಶಾಂತವಾಗುತ್ತದೆ. ನಮ್ಮ ಸೂರ್ಯ ಅಂಥದ್ದು. ಸೆಫೀಡಿನ ಹೊರಮೈಯಿಂದ ತುಸು ಒಳಗೆ, ಸುಮಾರು 40,000 ಡಿಗ್ರಿ ಬಿಸಿಯಿರುವ ಹೀಲಿಯಮ್ ಪದರ ಮಾತ್ರ ತಿರುಗುಮುರುಗಾಗಿ ನಡೆದುಕೊಳ್ಳುತ್ತದೆ. ಅದನ್ನು ಅದುಮಿದರೆ, ಬಂದ ಶಕ್ತಿಯಲ್ಲಿ ಬಹಳಷ್ಟು ಹೀಲಿಯಮ್ ಪರಮಾಣುವಿನ ಕೊನೆಯ ಎಲೆಕ್ಟ್ರಾನನ್ನೂ ಕಿತ್ತುಹಾಕಲು ಖರ್ಚಾಗುತ್ತದೆ. ಹಾಗೆ ಬಿಡಿಬಿಡಿಯಾದ ಅನಿಲ ಬೆಳಕಿಗೆ ಮಂದವಾಗುತ್ತದೆ. ಶಾಖ ಒಳಗೇ ಸಿಕ್ಕಿಬೀಳುತ್ತದೆ. ವಾಲ್ವ್ ಮುಚ್ಚಿದ ಹಾಗೆ.

ಒತ್ತಡ ಏರಿ ನಕ್ಷತ್ರ ಉಬ್ಬುತ್ತದೆ. ಉಬ್ಬಿದಾಗ ತಣಿಯುತ್ತದೆ, ಎಲೆಕ್ಟ್ರಾನುಗಳು ಮತ್ತೆ ಮನೆಗೆ ಬರುತ್ತವೆ, ಪದರ ತೆಳುವಾಗುತ್ತದೆ, ಶಾಖ ಹೊರನುಗ್ಗುತ್ತದೆ. ವಾಲ್ವ್ ತೆರೆಯಿತು. ಒತ್ತಡ ಇಳಿದು ಹೊರಪದರ ತನ್ನ ಭಾರಕ್ಕೇ ಕುಸಿಯುತ್ತದೆ, ಮತ್ತೆ ಅದುಮುತ್ತದೆ. ಜೋಕಾಲಿ ಹಿಂದಕ್ಕೆ ಬಂದ ಸರಿಯಾದ ಕ್ಷಣಕ್ಕೇ ಯಾರೋ ಒಂದು ನೂಕು ಕೊಟ್ಟಂತೆ, ಸುತ್ತು ಸುತ್ತಿಗೂ ಈ ಪದರ ನಕ್ಷತ್ರಕ್ಕೆ ನೂಕು ಕೊಡುತ್ತಲೇ ಇರುತ್ತದೆ. ಎಡಿಂಗ್ಟನ್‌ಗೆ ವಾಲ್ವ್ ಇರಬೇಕೆಂದು ಗೊತ್ತಿತ್ತು, ಎಲ್ಲಿದೆಯೆಂದು ಸಿಕ್ಕಿರಲಿಲ್ಲ. ಹೀಲಿಯಮ್ಮಿನ ಈ ಪದರವೇ ಅದು ಎಂದು 1950ರ ದಶಕದಲ್ಲಿ ತೋರಿಸಿದವರು ಸೋವಿಯತ್ ರಷ್ಯಾದ ಝೆವಾಕಿನ್. ಇನ್ನೊಂದು ಮಾತು: ನಕ್ಷತ್ರ ಅತಿ ದೊಡ್ಡದಾದಾಗ ಅತಿ ಪ್ರಖರ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಉಬ್ಬುತ್ತಿರುವಾಗಲೇ, ಮೈ ಇನ್ನೂ ಬಿಸಿಯಾಗಿರುವಾಗಲೇ ಹೆಚ್ಚು ಬೆಳಗುತ್ತದೆ. ಗಾತ್ರಕ್ಕಿಂತ ಶಾಖದ್ದೇ ಮೇಲುಗೈ.

ಮದುವೆಯಲ್ಲಿ ವಧೂವರರಿಗೆ ಅರುಂಧತಿಯ ಜೊತೆ ಧ್ರುವನನ್ನೂ ತೋರಿಸುತ್ತಾರೆ, ಅಲುಗದೆ ಇರಲಿ ಎಂದು. ಆ ಧ್ರುವ ನಕ್ಷತ್ರವೂ ಒಂದು ಸೆಫೀಡ್. ಸುಮಾರು ನಾಲ್ಕು ದಿನಕ್ಕೊಮ್ಮೆ ಮಿಡಿಯುತ್ತದೆ. ಏರಿಳಿತ ಬಹಳ ಸಣ್ಣದು, ಕಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅದು ಉತ್ತರದ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ, ಅಪಾರ್ಟ್‌ಮೆಂಟುಗಳ ಹಿಂದೆ ಮರೆಯಾಗಿರುತ್ತದೆ. ಜಾಗ ಬಿಡದೆ ನಿಂತೂ ಒಳಗೊಳಗೆ ಮಿಡಿಯುವ ನಕ್ಷತ್ರವನ್ನು ನವದಂಪತಿಗೆ ತೋರಿಸುವುದು ನನಗಂತೂ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಸೆಫೀಡುಗಳ ಈ ಮಿಡಿತಕ್ಕೆ ಇನ್ನೊಂದು ಬೆಲೆಯಿದೆ. ದೊಡ್ಡ ಗಂಟೆಯ ನಾದ ನಿಧಾನ, ಸಣ್ಣದರದ್ದು ಬೇಗ. ಹಾಗೆಯೇ ಹೆಚ್ಚು ಬೆಳಗುವ ದೊಡ್ಡ ಸೆಫೀಡ್ ನಿಧಾನವಾಗಿ ಮಿಡಿಯುತ್ತದೆ. ಹಾರ್ವರ್ಡಿನಲ್ಲಿ ಫೋಟೋ ಗಾಜುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ಹೆನ್ರಿಯೆಟಾ ಲೆವಿಟ್ 1912ರಲ್ಲಿ 25 ನಕ್ಷತ್ರಗಳನ್ನಿಟ್ಟುಕೊಂಡು ಈ ನಂಟನ್ನು ಖಚಿತಪಡಿಸಿದರು. ಮಿಡಿತದ ವೇಳೆ ಅಳೆದರೆ ನಿಜವಾದ ಬೆಳಕು ಎಷ್ಟೆಂದು ತಿಳಿಯಿತು. ಕಾಣುವ ಬೆಳಕಿನೊಂದಿಗೆ ಹೋಲಿಸಿದರೆ ದೂರ ತಿಳಿಯಿತು. 1923ರಲ್ಲಿ ಎಡ್ವಿನ್ ಹಬಲ್ ದ್ರೌಪದಿ ಪುಂಜದ ಮಬ್ಬಿನಲ್ಲಿ ಒಂದು ಸೆಫೀಡ್ ಹಿಡಿದು, ಅದು ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ನಕ್ಷತ್ರ ಸಾಮ್ರಾಜ್ಯ ಎಂದು ತೋರಿಸಿದ್ದು ಇದೇ ಅಳತೆಗೋಲಿನಿಂದ.

ಈಗ ನಮ್ಮ ರಸ್ತೆಗೆ ಬರುತ್ತೇನೆ. ಕೆ.ಆರ್. ಪುರದಿಂದ ಹೊಸಕೋಟೆಗೆ ಹೋಗುವ ಹೆದ್ದಾರಿಯನ್ನು ಹಳೇ ಮದ್ರಾಸು ರಸ್ತೆ ಎನ್ನುತ್ತೇವೆ. ಲಾರಿ, ಕಂಪನಿ ಬಸ್ಸು, ಕ್ಯಾಬುಗಳ ಗದ್ದಲದಲ್ಲಿ ಆ ಹೆಸರಿನ ಅರ್ಥ ಮರೆತೇಹೋಗಿದೆ. ಆ ರಸ್ತೆಯ ಇನ್ನೊಂದು ತುದಿಯ ಮದ್ರಾಸಿನಲ್ಲಿ 1792ರಿಂದ ಈಸ್ಟ್ ಇಂಡಿಯಾ ಕಂಪನಿಯ ಒಂದು ವೀಕ್ಷಣಾಲಯ ಇತ್ತು. 1861ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ನಾರ್ಮನ್ ಪಾಗ್ಸನ್. ನಕ್ಷತ್ರಗಳ ಕಾಂತಿಮಾನವನ್ನು ಇಂದು ಜಗತ್ತೆಲ್ಲ ಅಳೆಯುವುದು ಅವರು 1856ರಲ್ಲಿ ಸೂಚಿಸಿದ ಲೆಕ್ಕದಲ್ಲೇ. ಐದು ಮೆಟ್ಟಿಲು ಇಳಿದರೆ ಬೆಳಕು ನೂರರಲ್ಲಿ ಒಂದು ಪಾಲು, ಒಂದು ಮೆಟ್ಟಿಲಿಗೆ ಸುಮಾರು ಎರಡೂವರೆ ಪಟ್ಟು.

ಪಾಗ್ಸನ್ನರ ಸಹಾಯಕರಾಗಿದ್ದವರು ಚಿಂತಾಮಣಿ ರಘುನಾಥಾಚಾರಿ. 1867ರಲ್ಲಿ ಇವರು ದಕ್ಷಿಣದ ರೆಟಿಕ್ಯುಲಮ್ ಪುಂಜದಲ್ಲಿ ಒಂದು ನಕ್ಷತ್ರದ ಕಾಂತಿ ಬದಲಾಗುವುದನ್ನು ಕಂಡುಹಿಡಿದರು. ಆರ್ ರೆಟಿಕ್ಯುಲಿ ಎಂದು ಅದರ ಹೆಸರು. ಒಂಬತ್ತು ತಿಂಗಳಿಗೊಮ್ಮೆ ಏರಿಳಿಯುವ, ಮುಪ್ಪಿನ ಕೆಂಪು ದೈತ್ಯ. ಭಾರತೀಯನೊಬ್ಬ ದೂರದರ್ಶಕದಿಂದ ಕಂಡು ದಾಖಲಿಸಿದ ಚರಕಾಂತಿ ನಕ್ಷತ್ರಗಳಲ್ಲಿ ಅದು ಮೊದಲನೆಯದು. ಚೆನ್ನೈ, ಬೆಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಇಬ್ಬರಿಗೂ ಒಂದೇ ಆಕಾಶ. ಆ ನಕ್ಷತ್ರ ಇಲ್ಲಿಯೂ ಅಲ್ಲಿಯೂ ದಕ್ಷಿಣ ದಿಗಂತದಿಂದ 14 ಡಿಗ್ರಿಗಿಂತ ಮೇಲೇರುವುದಿಲ್ಲ. ಅಷ್ಟು ತಗ್ಗಿನಲ್ಲಿ, ಬರಿಗಣ್ಣಿಗೆ ಕಾಣದ ಒಂದು ಚುಕ್ಕಿ ಮೊನ್ನೆಯಂತೆ ಇಂದು ಇಲ್ಲ ಎಂದು ಗುರುತಿಸಲು ಎಷ್ಟು ರಾತ್ರಿಗಳ ಅಭ್ಯಾಸ ಬೇಕು!

ರಘುನಾಥಾಚಾರಿಯವರನ್ನು ನಾನು ಗೌರವಿಸುವುದು ಇದೊಂದಕ್ಕೇ ಅಲ್ಲ. ಪಂಚಾಂಗವನ್ನು ಹಳೆಯ ಕೋಷ್ಟಕಗಳಿಂದ ಗುಣಿಸುವ ಬದಲು ಕಣ್ಣಾರೆ ಕಂಡ ಆಕಾಶಕ್ಕೆ ಹೊಂದಿಸಬೇಕು ಎಂದು ವಾದಿಸಿ ದೃಗ್ಗಣಿತ ಪಂಚಾಂಗ ಹೊರತಂದರು. 1874ರ ಶುಕ್ರ ಸಂಕ್ರಮಣ ಬರುವ ಮುನ್ನ ಸಾಮಾನ್ಯರಿಗೆಂದು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ಒಂದೂವರೆ ಶತಮಾನದ ಹಿಂದೆ ಕನ್ನಡ ಓದುಗನ ಕೈಗೆ ಆಕಾಶದ ಲೆಕ್ಕ ಕೊಡಲು ಹೊರಟವರು ಅವರು.

ಆ ಮದ್ರಾಸು ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದೇ ಸಂಸ್ಥೆ 1971ರಲ್ಲಿ ವೇಣು ಬಾಪು ಅವರ ನೇತೃತ್ವದಲ್ಲಿ ಭಾರತೀಯ ಖಭೌತ ಸಂಸ್ಥೆಯಾಯಿತು, ಆಮೇಲೆ ಬೆಂಗಳೂರಿನ ಕೋರಮಂಗಲಕ್ಕೆ ಬಂದು ನೆಲೆಸಿತು. ಇನ್ನೊಂದು ದಿಕ್ಕಿನಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆ ಹಿಡಿದು ಹೋದರೆ ಜವಾದಿ ಬೆಟ್ಟದ ಕಾವಲೂರಿನಲ್ಲಿ ಅದರ 2.34 ಮೀಟರಿನ ದೂರದರ್ಶಕ ಇದೆ. ಹೊಸಕೋಟೆಯಲ್ಲಿ ಅದೇ ಸಂಸ್ಥೆಯ ಕ್ರೆಸ್ಟ್ ಎಂಬ ಸಂಶೋಧನಾ ಆವರಣ ಇದೆ. ಹೀಗೆ ರಘುನಾಥಾಚಾರಿಯವರ ಪರಂಪರೆ ಸುತ್ತುಬಳಸಿ ಮತ್ತೆ ಹಳೇ ಮದ್ರಾಸು ರಸ್ತೆಗೇ ಬಂದಿದೆ.

ಹೊಸಕೋಟೆಯ ಆ ಆವರಣದಲ್ಲಿ ರಾತ್ರಿಪಾಳಿ ನಡೆಯುತ್ತದೆ. ಗಾಜಿನ ಕಟ್ಟಡಗಳ ರಾತ್ರಿಪಾಳಿ ನಮಗೆ ಗೊತ್ತು, ಅಮೆರಿಕದ ಹಗಲಿಗೆ ಹೊಂದಿಕೊಂಡದ್ದು. ಇದು ಲಡಾಖಿನ ರಾತ್ರಿಗೆ ಹೊಂದಿಕೊಂಡದ್ದು. ಲಡಾಖಿನ ಹಾನ್ಲೆ ಎಂಬಲ್ಲಿ ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಅದು ಮೊದಲ ಬೆಳಕು ಕಂಡಿತು. ಉಸಿರಿಗೆ ಗಾಳಿ ಸಾಲದ, ಚಳಿಗೆ ಕೈ ಮರಗಟ್ಟುವ ಆ ಜಾಗದಲ್ಲಿ ವಿಜ್ಞಾನಿ ರಾತ್ರಿಯೆಲ್ಲ ಕೂರಬೇಕಿಲ್ಲ. ಹೊಸಕೋಟೆಯ ಕೋಣೆಯಲ್ಲಿ ಕೂತು ಕೊಟ್ಟ ಆಜ್ಞೆ ಉಪಗ್ರಹದ ಮೂಲಕ ಹೋಗುತ್ತದೆ, ದೂರದರ್ಶಕ ತಿರುಗುತ್ತದೆ, ಚಿತ್ರ ಮರಳಿ ಬರುತ್ತದೆ. ಹೊರಗೆ ಹೆದ್ದಾರಿಯ ಲಾರಿಗಳು, ಒಳಗೆ ಪರದೆಯ ಮೇಲೆ ಎಲ್ಲೋ ಸಿಡಿದ ನಕ್ಷತ್ರದ ಬೆಳಕು ದಿನದಿನಕ್ಕೆ ಇಳಿಯುತ್ತಿರುವ ಗೆರೆ. ಸೂಪರ್ನೋವಾಗಳು, ನೋವಾಗಳು ಹೀಗೆ ಇಲ್ಲಿಂದ ಅಳೆಯಲ್ಪಟ್ಟಿವೆ.

ನೋವಾ ಎಂದರೆ ಸತ್ತ ನಕ್ಷತ್ರದ ಬಿಳಿ ಬೂದಿಯುಂಡೆಯ ಮೇಲೆ ಜೊತೆಗಾರ ನಕ್ಷತ್ರದ ಹೈಡ್ರೋಜನ್ ಸುರಿದು ಸುರಿದು ಕಡೆಗೊಮ್ಮೆ ಹೊತ್ತಿಕೊಳ್ಳುವುದು. ಉತ್ತರ ಕಿರೀಟ ಪುಂಜದ ಟಿ ಎಂಬ ನಕ್ಷತ್ರ 1866ರಲ್ಲೂ 1946ರಲ್ಲೂ ಹೀಗೆ ಭುಗಿಲೆದ್ದಿತ್ತು. ಎಂಬತ್ತು ವರ್ಷದ ಲೆಕ್ಕ ಹಿಡಿದು ಈಗ ಎಲ್ಲರ ಕಣ್ಣೂ ಅದರ ಮೇಲಿದೆ. ಹೊತ್ತಿಕೊಂಡರೆ ಕೆಲವೇ ದಿನ ಧ್ರುವ ನಕ್ಷತ್ರದಷ್ಟು ಬೆಳಗಿ ಮತ್ತೆ ಮರೆಯಾಗುತ್ತದೆ.

ನಕ್ಷತ್ರ ನೋಡುವ ಈ ಕೆಲಸದಲ್ಲಿ ಪೀಣ್ಯದ ಪಾಲು ಹೊಸಕೋಟೆಯದಕ್ಕಿಂತ ಹಳೆಯದು. ಪೀಣ್ಯ ಎಂದರೆ ಲೇತು, ಡೈ, ಪೌಡರ್ ಕೋಟಿಂಗು ಎಂದಷ್ಟೇ ತಿಳಿದವರು ಇದನ್ನು ಓದಬೇಕು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅದರ ಮುಂದಾಳು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಅದು ಮೇಲೇರಿತು. ಅದರೊಳಗೆ ಎಕ್ಸ್-ಕಿರಣ ಖಗೋಳದ ಒಂದು ಉಪಕರಣ ಇತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಅಷ್ಟರೊಳಗೆ ಅದು ರಾಜಹಂಸ ಪುಂಜದ ಸಿಗ್ನಸ್ ಎಕ್ಸ್-1 ಎಂಬ ಮೂಲವನ್ನು ನೋಡಿತ್ತು.

ಸಿಗ್ನಸ್ ಎಕ್ಸ್-1ರಲ್ಲಿ ಒಂದು ಕಪ್ಪುಕುಳಿ ತನ್ನ ಜೊತೆಗಾರ ನೀಲಿ ನಕ್ಷತ್ರದಿಂದ ಅನಿಲ ಸೆಳೆದುಕೊಳ್ಳುತ್ತಿದೆ. ಒಳಕ್ಕೆ ಸುರುಳಿ ಸುತ್ತಿ ಬೀಳುವ ಅನಿಲ ಕಾದು ಎಕ್ಸ್-ಕಿರಣ ಸೂಸುತ್ತದೆ. ಆ ಎಕ್ಸ್-ಕಿರಣ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲೂ ಏರಿಳಿಯುತ್ತದೆ. ಇದರಿಂದ ಏನು ತಿಳಿಯುತ್ತದೆ? ಬೆಳಕು ಅಷ್ಟು ಹೊತ್ತಿನಲ್ಲಿ ಹೋಗುವುದು 300 ಕಿಲೋಮೀಟರ್, ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವಷ್ಟು ದೂರ. ಒಂದು ವಸ್ತುವಿನ ಈ ತುದಿಯ ಸುದ್ದಿ ಆ ತುದಿಗೆ ಮುಟ್ಟುವ ಮೊದಲೇ ಇಡೀ ವಸ್ತು ಒಟ್ಟಿಗೆ ಮಂಕಾಗಲಾರದು. ಹಾಗಾದರೆ ಈ ಏರಿಳಿತ ಹುಟ್ಟುವ ಜಾಗ ಅಷ್ಟು ಸಣ್ಣದೇ ಇರಬೇಕು. ಸೂರ್ಯನ ಹಲವು ಪಟ್ಟು ತೂಕ ಶಿವಮೊಗ್ಗದ ದಾರಿಯಷ್ಟು ಜಾಗದಲ್ಲಿ! ಬರೀ ಏರಿಳಿತದ ವೇಗದಿಂದ ಗಾತ್ರ ಹೇಳುವ ಈ ತರ್ಕ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ನಲವತ್ತು ವರ್ಷಗಳ ನಂತರ, 2015ರ ಸೆಪ್ಟೆಂಬರ್ 28ರಂದು ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಮೇಲೇರಿತು. ಅದನ್ನು ನಡೆಸುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಇರುವುದೂ ಪೀಣ್ಯದಲ್ಲೇ. ಅದರ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯ ಆವರಣದ ಧೂಳಿಲ್ಲದ ಕೋಣೆಗಳಲ್ಲಿ. ಆಸ್ಟ್ರೋಸ್ಯಾಟ್ ಕೂಡ ಸಿಗ್ನಸ್ ಎಕ್ಸ್-1 ಅನ್ನು ನೋಡಿತು, ಈ ಸಲ ಬೇಕಾದಷ್ಟು ಹೊತ್ತು. ಆರ್ಯಭಟ ರೂಪುಗೊಂಡ ಅದೇ ಪೀಣ್ಯದಲ್ಲಿ ಈಗ ಇಸ್ರೋದ ಲಿಯೋಸ್ ಪ್ರಯೋಗಾಲಯ ನಕ್ಷತ್ರ ಸಂವೇದಕಗಳನ್ನು ಮಾಡುತ್ತದೆ. ಉಪಗ್ರಹ ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ತಿಳಿಯುವುದು ಈ ಕಣ್ಣಿನಿಂದ, ನಕ್ಷತ್ರಗಳ ಜಾಗ ಮತ್ತು ಕಾಂತಿಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಇಂಥ ಪಟ್ಟಿ ಮಾಡುವವರು ಕಾಂತಿ ತೀರಾ ಬದಲಾಗುವ ನಕ್ಷತ್ರಗಳನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಒಬ್ಬರಿಗೆ ಬೇಡವಾದ ನಕ್ಷತ್ರವೇ ಇನ್ನೊಬ್ಬರಿಗೆ ಅಧ್ಯಯನದ ವಸ್ತು.

ಮತ್ತೆ ಮೊದಲಿನ ಮಾತಿಗೆ ಬರೋಣ: 2020ರ ಚಳಿಗಾಲದಲ್ಲಿ ಆರ್ದ್ರಾಕ್ಕೆ ಏನಾಗಿತ್ತು? ಇದು ಸೂರ್ಯನ ಜಾಗದಲ್ಲಿದ್ದರೆ ಮಂಗಳನ ಕಕ್ಷೆಯನ್ನೂ ದಾಟಿ ಹರಡುವ ಮಹಾದೈತ್ಯ. ಸುಮಾರು 400 ದಿನಕ್ಕೊಮ್ಮೆ ಮಿಡಿಯುವುದು, ಆರು ವರ್ಷಕ್ಕೊಮ್ಮೆ ಇನ್ನೊಂದು ನಿಧಾನದ ಅಲೆ, ಇವೆರಡೂ ಅದಕ್ಕೆ ಮಾಮೂಲಿ. ಆ ಚಳಿಗಾಲದಲ್ಲಿ ನಡೆದದ್ದು ಮಾಮೂಲಿಯಲ್ಲ. ಸಿಡಿಯುತ್ತದೆ, ಸೂಪರ್ನೋವಾ ಆಗುತ್ತದೆ ಎಂದು ಟೀವಿಯಲ್ಲಿ ಗುಲ್ಲೆದ್ದಿತು. ಚಿಲಿಯ ದೊಡ್ಡ ದೂರದರ್ಶಕ 2019ರ ಜನವರಿಯಲ್ಲಿ ತೆಗೆದ ಅದರ ಮುಖದ ಚಿತ್ರವನ್ನು ಡಿಸೆಂಬರಿನಲ್ಲಿ ತೆಗೆದದ್ದರೊಂದಿಗೆ ಹೋಲಿಸಿದಾಗ, ಮೈಯೆಲ್ಲ ಮಂಕಾಗಿರಲಿಲ್ಲ, ದಕ್ಷಿಣದ ಭಾಗ ಮಾತ್ರ ಕಪ್ಪಿಟ್ಟಿತ್ತು. ಅದಕ್ಕೆ ಸ್ವಲ್ಪ ಮೊದಲು ಅಲ್ಲಿಂದ ಬಿಸಿ ಅನಿಲದ ದೊಡ್ಡ ಉಂಡೆ ಹೊರಚಿಮ್ಮಿದ್ದನ್ನು ಹಬಲ್ ದೂರದರ್ಶಕ ನೇರಳಾತೀತದಲ್ಲಿ ಕಂಡಿತ್ತು. ಆ ಅನಿಲ ದೂರ ಹೋಗಿ ತಣಿದು ಧೂಳಾಯಿತು, ಬಿಟ್ಟುಹೋದ ಜಾಗದ ಮೈಯೂ ತಣ್ಣಗಾಯಿತು. ಬಲ್ಬಿನ ಲೆಕ್ಕದಲ್ಲಿ ಹೇಳುವುದಾದರೆ ವೋಲ್ಟೇಜೂ ಬಿದ್ದಿತ್ತು, ಗಾಜಿಗೆ ಧೂಳೂ ಹಿಡಿದಿತ್ತು. ಬೆಳಕು ಇಲ್ಲಿಗೆ ಬರಲು ಐನೂರು ಆರುನೂರು ವರ್ಷ ಬೇಕಾದ್ದರಿಂದ, ನಾನು ಕಾಡುಗೋಡಿಯ ತಾರಸಿಯಿಂದ ಕಂಡದ್ದು ವಿಜಯನಗರದ ಅರಸರ ಕಾಲದಲ್ಲಿ ನಡೆದುಹೋದ ಸಂಗತಿ.

ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ರಸ್ತೆಗಳು ಬರಿದಾದವು, ಗಾಳಿ ತಿಳಿಯಾಯಿತು. ಏಪ್ರಿಲ್ ಸಂಜೆಗಳಲ್ಲಿ ವ್ಯಾಧ ಪಶ್ಚಿಮಕ್ಕೆ ಇಳಿಯುತ್ತಿದ್ದ. ಆರ್ದ್ರಾ ಮತ್ತೆ ಮೊದಲಿನಂತೆ ಕೆಂಪಗೆ ಉರಿಯುತ್ತಿತ್ತು. ಭಯ ತುಂಬಿದ ಆ ದಿನಗಳಲ್ಲಿ ಅದನ್ನು ಕಂಡು ನನಗೆ ಕಣ್ಣು ತುಂಬಿ ಬಂತು.

ನಮ್ಮ ಸೂರ್ಯ ಇಂಥ ಆಟಕ್ಕೆ ಸದ್ಯ ಸೇರಿಲ್ಲ. ಹನ್ನೊಂದು ವರ್ಷದ ಚಕ್ರದಲ್ಲಿ ಅವನ ಬೆಳಕು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಏರಿಳಿಯುತ್ತದೆ. ಅವನ ಮೇಲೆ ಕಣ್ಣಿಟ್ಟಿರುವ ಆದಿತ್ಯ-ಎಲ್1ರ ಕರೋನಾ ದರ್ಶಕ ಜೋಡಣೆಯಾದದ್ದೂ ಹೊಸಕೋಟೆಯಲ್ಲೇ. ಐನೂರು ಕೋಟಿ ವರ್ಷ ಕಳೆದ ಮೇಲೆ ಅವನೂ ಉಬ್ಬಿ, ತಿಮಿಂಗಿಲ ಪುಂಜದ ಮೀರಾ ನಕ್ಷತ್ರದಂತೆ ವರ್ಷಕ್ಕೊಮ್ಮೆ ಏರಿಳಿಯುವ ಕೆಂಪು ದೈತ್ಯನಾಗುತ್ತಾನೆ.

ಚರಕಾಂತಿ ನಕ್ಷತ್ರ ನೋಡಲು ದೂರದರ್ಶಕವೇ ಬೇಕೆಂದಿಲ್ಲ. ನೋಡಬೇಕಾದ ನಕ್ಷತ್ರಕ್ಕಿಂತ ಸ್ವಲ್ಪ ಹೆಚ್ಚು ಬೆಳಗುವ ಒಂದನ್ನೂ ಸ್ವಲ್ಪ ಕಡಿಮೆ ಬೆಳಗುವ ಇನ್ನೊಂದನ್ನೂ ಆರಿಸಿಕೊಳ್ಳಿ. ಎರಡರ ನಡುವೆ ಅದು ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡಿ, ದಿನಾಂಕ, ವೇಳೆ ಬರೆದಿಡಿ. ಗುಡ್ರಿಕ್ ಮಾಡಿದ್ದೂ ಇಷ್ಟೇ. ಆರ್ದ್ರಾಕ್ಕೆ ಮೇಲಿನ ಗೆರೆ ರೈಜೆಲ್, ಕೆಳಗಿನ ಗೆರೆ ರೋಹಿಣಿ ಸಾಕು. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಬಾರದು, ನೋಡಿದಷ್ಟೂ ಕಣ್ಣು ಅದನ್ನು ಹೆಚ್ಚು ಪ್ರಖರವೆಂದು ಎಣಿಸುತ್ತದೆ. ಚಟ್ಟನೆ ನೋಡಿ ಕಣ್ಣು ತೆಗೆಯಬೇಕು. ಹೀಗೆ ಬರೆದದ್ದನ್ನು ಕಳುಹಿಸಲು 1911ರಿಂದ ನಡೆಯುತ್ತಿರುವ ಅಮೆರಿಕದ ವೀಕ್ಷಕರ ಸಂಘ, ಎಎವಿಎಸ್ಒ, ಎಲ್ಲ ದೇಶದವರಿಗೂ ತೆರೆದಿದೆ.

ಒಂದು ಬೇಡಿಕೆಯಿದೆ, ಇದನ್ನು ಮನಸಾರೆ ಕೇಳುತ್ತಿದ್ದೇನೆ. ನಮ್ಮ ಅಪಾರ್ಟ್‌ಮೆಂಟುಗಳ, ಟೆಕ್ ಪಾರ್ಕುಗಳ ದೀಪಕ್ಕೆ ಒಂದು ಟೋಪಿ ಹಾಕಿಸಿ, ಬೆಳಕು ನೆಲಕ್ಕೆ ಬೀಳಲಿ. ಆಕಾಶಕ್ಕೆ ಚೆಲ್ಲುವ ಬೆಳಕಿನಿಂದ ಯಾರ ದಾರಿಯೂ ಬೆಳಗುವುದಿಲ್ಲ. ಹಾನ್ಲೆಯ ಸುತ್ತಲಿನ ಹಳ್ಳಿಗಳು ಕತ್ತಲೆ ಕಾಪಾಡಲೆಂದೇ ತಮ್ಮ ದೀಪಗಳನ್ನು ಮರೆಮಾಡಿಕೊಂಡಿವೆ. ಅವರ ಆಕಾಶವನ್ನು ಹೊಸಕೋಟೆಯಲ್ಲಿ ಕೂತು ನೋಡುವ ನಾವು ನಮ್ಮದನ್ನು ಹೀಗೆ ತೊಳೆದುಹಾಕುತ್ತಿರುವುದು ನೋವಿನ ಸಂಗತಿ.

ಆ ಜನವರಿಯಿಂದ ನಾನೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಮೋಡ, ಜ್ವರ, ಊರು ಬಿಟ್ಟ ದಿನಗಳು ಬಿಟ್ಟರೆ ಚಳಿಗಾಲದ ಪ್ರತಿ ವಾರಕ್ಕೂ ಒಂದು ಸಾಲು ಇದೆ. ಮೊದಲ ಸಾಲು ಹೀಗಿದೆ: ರಾತ್ರಿ ಹತ್ತು ಗಂಟೆ, ತೆಳು ಮಂಜು, ಆರ್ದ್ರಾ ರೋಹಿಣಿಗಿಂತ ಕಡಿಮೆ, ಬೆಲಾಟ್ರಿಕ್ಸ್‌ಗಿಂತ ಒಂದು ಗೆರೆ ಹೆಚ್ಚು. ಈಚಿನ ಪುಟಗಳಲ್ಲಿ ಅಕ್ಷರ ಬೇರೆಯದು. ಪಕ್ಕದ ಮನೆಯ ಆ ಹುಡುಗ ಕಾಲೇಜು ಸೇರಿದ್ದಾನೆ, ಶನಿವಾರದ ಸಾಲನ್ನು ಅವನೇ ಬರೆಯುತ್ತಾನೆ.